ಸೂಕ್ಷ್ಮ ಪಳೆಯುಳಿಕೆಗಳಿಂದ ಡೆವೋನಿಯನ್ ಸ್ತರಗಳ ಕಾಲನಿರ್ಣಯ

ಸೂಕ್ಷ್ಮ ಪಳೆಯುಳಿಕೆಗಳಿಂದ ಡೆವೋನಿಯನ್ ಸ್ತರಗಳ ಕಾಲನಿರ್ಣಯ ಎಂಬುದು ಜೈವಿಕ ಸ್ತರವಿಜ್ಞಾನದ ಒಂದು ವಿಭಾಗ. ಡೆವೋನಿಯನ್ ಅವಧಿಯಲ್ಲಿ ಸಂಚಯಗೊಂಡ ಶಿಲಾಸ್ತರಗಳ ಸಾಪೇಕ್ಷ ವಯಸ್ಸನ್ನು ಗೊತ್ತುಪಡಿಸುವುದು, ದೂರದೂರದ ಪ್ರದೇಶಗಳ ಸ್ತರಗಳಲ್ಲಿ ಸಮಕಾಲೀನವಾದವುಗಳನ್ನು ಗುರುತಿಸುವುದು ಇದರ ಉದ್ದೇಶ. ಡೆವೋನಿಯನ್ ಅವಧಿಯು ಸುಮಾರು 41.9 ಕೋಟಿ ವರ್ಷಗಳ ಹಿಂದೆ ಆರಂಭವಾಗಿ ಸುಮಾರು 35.9 ಕೋಟಿ ವರ್ಷಗಳ ಹಿಂದೆ ಮುಗಿಯಿತು. ಈ ಕಾರ್ಯದಲ್ಲಿ ಬಳಕೆಯಾಗುವ ಪಳೆಯುಳಿಕೆಗಳಲ್ಲಿ ಕೊನೊಡಾಂಟ್‌ಗಳು ಅತ್ಯಂತ ಮುಖ್ಯವಾದವು. ಸಸ್ಯಗಳ ಬೀಜಕಣಗಳು, ಆಕ್ರಿಟಾರ್ಕ್‌ಗಳು, ಕೈಟಿನೊಜೋವಾಗಳು ಮತ್ತು ಆಸ್ಟ್ರಕಾಡ್‌ಗಳು ಅನಂತರದ ಸ್ಥಾನದಲ್ಲಿವೆ. ಭಾರತದಲ್ಲಿ ಈ ಅವಧಿಯ ಸ್ತರಗಳು ಮುಖ್ಯವಾಗಿ ಹಿಮಾಲಯದಲ್ಲಿ ಕಂಡುಬರುತ್ತವೆ. ಅಲ್ಲಿನ ಪಳೆಯುಳಿಕೆಗಳ ಮೂಲಸ್ಥಾನವನ್ನು ಕುರಿತು 1980ರ ದಶಕದ ಕೊನೆಯಲ್ಲಿ ಎದ್ದ ವಿವಾದದ ಮುಖ್ಯ ಪ್ರಬಂಧಗಳಲ್ಲಿ ಕೆಲವು ಬೆಂಗಳೂರಿನ ಭಾರತೀಯ ಭೂವೈಜ್ಞಾನಿಕ ಸಂಘದ ನಿಯತಕಾಲಿಕೆಯಲ್ಲಿ ಪ್ರಕಟವಾದವು.

ಹಿನ್ನೆಲೆ

ಇಂಗ್ಲೆಂಡಿನ ಡೆವನ್ ಪ್ರಾಂತದ ಹೆಸರಿನಿಂದ ಈ ಅವಧಿಗೆ ಡೆವೋನಿಯನ್ ಎಂಬ ಹೆಸರು ಬಂದಿದೆ. ಆಡಂ ಸೆಜ್ವಿಕ್ ಮತ್ತು ರಾಡ್ರಿಕ್ ಮರ್ಚಿಸನ್ 1839ರಲ್ಲಿ ಈ ಹೆಸರನ್ನು ಸೂಚಿಸಿದರು. ಡೆವನ್ ಪ್ರಾಂತದ ಶಿಲೆಗಳು ಮಡಿಚಿ ನಲುಗಿದ್ದುದರಿಂದ ಶಿಲಾಲಕ್ಷಣವೊಂದನ್ನೇ ನಂಬಿ ಅವುಗಳ ಸ್ಥಾನವನ್ನು ಹೇಳುವುದು ಸಾಧ್ಯವಾಗಲಿಲ್ಲ. ಅಲ್ಲಿನ ಹವಳಗಳು ಸೈಲೂರಿಯನ್ ಮತ್ತು ಕಾರ್ಬಾನಿಫೆರಸ್ ಅವಧಿಗಳ ಹವಳಗಳಿಗೆ ನಡುವಿನ ಲಕ್ಷಣಗಳನ್ನು ತೋರುತ್ತವೆಂದು ವಿಲಿಯಂ ಲಾನ್ಸ್‌ಡೇಲ್ ಗುರುತಿಸಿದುದು ಸಮಸ್ಯೆಯ ಪರಿಹಾರಕ್ಕೆ ದಾರಿಮಾಡಿತು. ಹೀಗೆ ಈ ಅವಧಿಯ ಕಲ್ಪನೆಯೇ ಪಳೆಯುಳಿಕೆಗಳ ಸಾಕ್ಷ್ಯದಿಂದ ಹುಟ್ಟಿಕೊಂಡಿತು.

ಆದರೆ ಹವಳ, ಚಿಪ್ಪುಜೀವಿ ಮೊದಲಾದವುಗಳ ದೊಡ್ಡ ಪಳೆಯುಳಿಕೆಗಳು ಎಲ್ಲ ಶಿಲೆಗಳಲ್ಲಿಯೂ ದೊರೆಯುವುದಿಲ್ಲ. ದೊರೆತರೂ ಅನೇಕ ವೇಳೆ ಮುರಿದಿರುತ್ತವೆ. ಕೊಳವೆ ಕೊರೆದು ತೆಗೆದ ಶಿಲಾಖಂಡದಲ್ಲಿ ಅವು ಸಿಕ್ಕುವ ಸಂಭವ ಮತ್ತೂ ಕಡಿಮೆ. ಸೂಕ್ಷ್ಮದರ್ಶಕದ ಸಹಾಯದಿಂದಲೇ ಅಧ್ಯಯನ ಮಾಡಬೇಕಾದ ಸೂಕ್ಷ್ಮ ಪಳೆಯುಳಿಕೆಗಳಾದರೋ ಒಂದೆರಡು ಕಿಲೋಗ್ರಾಂ ಶಿಲೆಯಲ್ಲಿ ನೂರಾರು ಸಂಖ್ಯೆಯಲ್ಲಿ ಇರಬಹುದು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದ ಡೆವೋನಿಯನ್ ಕಾಲನಿರ್ಣಯದ ಭಾರವು ಕ್ರಮೇಣ ಇವುಗಳ ಮೇಲೆ ಬಿದ್ದಿತು.

ತತ್ತ್ವ

ಕೆಳಗಿನ ಸ್ತರ ಹಳೆಯದು, ಮೇಲಿನ ಸ್ತರ ಹೊಸದು ಎಂಬುದು ಸ್ತರವಿಜ್ಞಾನದ ಮೊದಲ ನಿಯಮ. ಸ್ತರಗಳು ತಲೆಕೆಳಗಾಗದಿರುವಲ್ಲಿ ಇದು ಅನ್ವಯಿಸುತ್ತದೆ. ಒಮ್ಮೆ ಅಳಿದುಹೋದ ಜೀವಿಪ್ರಭೇದ ಮತ್ತೆ ಹುಟ್ಟುವುದಿಲ್ಲ ಎಂಬುದು ಎರಡನೆಯದು. ಆದ್ದರಿಂದ ಪ್ರತಿಯೊಂದು ಪ್ರಭೇದಕ್ಕೂ ಸ್ತರಗಳಲ್ಲಿ ಒಂದು ಮೊದಲ ಕಾಣಿಕೆಯೂ ಒಂದು ಕೊನೆಯ ಕಾಣಿಕೆಯೂ ಇರುತ್ತವೆ. ಇವೆರಡರ ನಡುವಿನ ಅಂತರ ಆ ಪ್ರಭೇದದ ವ್ಯಾಪ್ತಿ.

ಒಂದು ಪ್ರಭೇದದ ವ್ಯಾಪ್ತಿ ದೀರ್ಘವಾಗಿದ್ದರೆ ಅದರಿಂದ ಕಾಲವನ್ನು ನಿಖರವಾಗಿ ಹೇಳಲಾಗದು. ಎರಡು ಪ್ರಭೇದಗಳ ವ್ಯಾಪ್ತಿಗಳು ಸ್ವಲ್ಪ ಭಾಗದಲ್ಲಿ ಮಾತ್ರ ಒಂದರ ಮೇಲೊಂದು ಬರುವುದಾದರೆ, ಅವೆರಡೂ ಒಟ್ಟಿಗೆ ಇರುವ ಸ್ತರ ಆ ಚಿಕ್ಕ ಭಾಗಕ್ಕೇ ಸೇರಬೇಕು. ಹೀಗೆ ಗುರುತಿಸಿದ ಸ್ತರಭಾಗವನ್ನು ಜೈವಿಕ ವಲಯ ಎನ್ನುತ್ತಾರೆ. ಒಳ್ಳೆಯ ಸೂಚಿ ಪಳೆಯುಳಿಕೆಗೆ ನಾಲ್ಕು ಗುಣಗಳು ಬೇಕು: ಬೇಗಬೇಗ ರೂಪಾಂತರ ಹೊಂದಿರಬೇಕು, ವಿಶಾಲ ಪ್ರದೇಶದಲ್ಲಿ ಹರಡಿರಬೇಕು, ಹೇರಳವಾಗಿರಬೇಕು, ಸುಲಭವಾಗಿ ಗುರುತಿಸಲು ಬರಬೇಕು.

ಜೈವಿಕ ವಲಯಗಳು ಹೇಳುವುದು ಹಿಂದುಮುಂದಿನ ಕ್ರಮವನ್ನು ಮಾತ್ರ, ವರ್ಷಗಳ ಲೆಕ್ಕವನ್ನಲ್ಲ. ಸ್ತರಗಳ ನಡುವೆ ಜ್ವಾಲಾಮುಖಿಯ ಬೂದಿಪದರ ಇದ್ದಲ್ಲಿ ಅದರಲ್ಲಿನ ಜಿರ್ಕಾನ್ ಹರಳುಗಳ ಯುರೇನಿಯಂ ಮತ್ತು ಸೀಸದ ಪ್ರಮಾಣವನ್ನು ಅಳೆದು ವರ್ಷಗಳ ಲೆಕ್ಕವನ್ನು ಪಡೆಯುತ್ತಾರೆ. ಅಂತಹ ಕೆಲವು ಬಿಂದುಗಳ ನಡುವಿನ ಕಾಲವನ್ನು ಹಂಚಿಕೊಡುವ ಕೆಲಸ ಜೈವಿಕ ವಲಯಗಳದು.

ಮುಖ್ಯ ಸೂಕ್ಷ್ಮ ಪಳೆಯುಳಿಕೆಗಳು

ಕೊನೊಡಾಂಟ್‌ಗಳು

ಕೊನೊಡಾಂಟ್‌ಗಳು ಹಲ್ಲಿನಂತೆ ತೋರುವ, ಸಾಮಾನ್ಯವಾಗಿ 0.2ರಿಂದ 2 ಮಿಲಿಮೀಟರ್ ಉದ್ದದ ಪಳೆಯುಳಿಕೆಗಳು. ಇವು ಕ್ಯಾಲ್ಸಿಯಂ ಫಾಸ್ಫೇಟಿನಿಂದ, ಅಂದರೆ ಅಪಟೈಟ್ ಖನಿಜದಿಂದ ಆದವು. ಕ್ರಿಸ್ಟಿಯನ್ ಹೈನ್ರಿಕ್ ಪ್ಯಾಂಡರ್ 1856ರಲ್ಲಿ ಇವುಗಳನ್ನು ಮೊದಲು ವರ್ಣಿಸಿ ಮೀನಿನ ಅವಶೇಷಗಳೆಂದು ಭಾವಿಸಿದನು. ಇವು ಯಾವ ಪ್ರಾಣಿಯ ಅಂಗಗಳೆಂಬುದು ಶತಮಾನಕ್ಕೂ ಮಿಕ್ಕಿ ಒಗಟಾಗಿಯೇ ಉಳಿಯಿತು. ಸ್ಕಾಟ್ಲೆಂಡಿನ ಎಡಿನ್‌ಬರೊ ಬಳಿಯ ಗ್ರಾಂಟನ್ನಿನ ಕಾರ್ಬಾನಿಫೆರಸ್ ಸ್ತರದಲ್ಲಿ ದೊರೆತ ಮೃದುದೇಹದ ಅಚ್ಚೊಂದನ್ನು 1983ರಲ್ಲಿ ವರ್ಣಿಸಿದ ಮೇಲೆ, ಇವು ಹಾವುಮೀನಿನಂತಹ ನೀಳದೇಹದ ಚಿಕ್ಕ ಸಮುದ್ರಪ್ರಾಣಿಯೊಂದರ ಬಾಯಿಯೊಳಗಿನ ಭಾಗಗಳೆಂದು ಸ್ಪಷ್ಟವಾಯಿತು.

ಪ್ರಾಣಿಯ ಸ್ವರೂಪ ತಿಳಿಯದಿದ್ದ ಕಾಲದಲ್ಲಿಯೇ ಅದರ ಹಲ್ಲುಗಳಿಂದ ಶಿಲೆಗಳ ಕಾಲವನ್ನು ಹೇಳುವ ಕ್ರಮ ಬೆಳೆದಿತ್ತು ಎಂಬುದು ಈ ಶಾಸ್ತ್ರದ ಒಂದು ವಿಶೇಷ. ಜರ್ಮನಿಯ ವಿಲ್ಲಿ ಝೀಗ್ಲರ್ 1962ರಲ್ಲಿ ಉತ್ತರ ಡೆವೋನಿಯನ್ ಕಾಲದ ಕೊನೊಡಾಂಟ್ ವಲಯಗಳನ್ನು ವ್ಯವಸ್ಥೆಗೊಳಿಸಿದರು. 1990ರಲ್ಲಿ ಅವರೂ ಅಮೆರಿಕದ ಚಾರ್ಲ್ಸ್ ಸ್ಯಾಂಡ್‌ಬರ್ಗ್ ಅವರೂ ಕೂಡಿ ಅದನ್ನು ಪರಿಷ್ಕರಿಸಿದರು. ಈ ವ್ಯವಸ್ಥೆಯ ಹಲವು ವಲಯಗಳ ಅವಧಿ ಹತ್ತು ಲಕ್ಷ ವರ್ಷಗಳಿಗಿಂತ ಕಡಿಮೆ. ಮೂವತ್ತೇಳು ಕೋಟಿ ವರ್ಷಗಳಷ್ಟು ಹಿಂದಿನ ಘಟನೆಗಳಿಗೆ ಇದು ಬಹು ಸೂಕ್ಷ್ಮವಾದ ಅಳತೆ.

ಬೀಜಕಣಗಳು

ಡೆವೋನಿಯನ್ ಅವಧಿಯಲ್ಲಿ ಸಸ್ಯಗಳು ನೆಲದ ಮೇಲೆ ಹರಡಿ, ಅವಧಿಯ ಕೊನೆಯ ವೇಳೆಗೆ ಕಾಡುಗಳಾಗಿ ಬೆಳೆದವು. ಅವುಗಳ ಬೀಜಕಣಗಳ ಹೊರಕವಚ ಬಹಳ ಗಟ್ಟಿಯಾದ ಸಾವಯವ ವಸ್ತು. ಗಾಳಿಯೂ ನದಿಗಳೂ ಇವನ್ನು ಸರೋವರಕ್ಕೂ ಸಮುದ್ರಕ್ಕೂ ಒಯ್ದು ಹಾಕಿದುದರಿಂದ, ನೆಲದ ಮೇಲೆ ಸಂಚಯಗೊಂಡ ಸ್ತರಗಳನ್ನು ಸಮುದ್ರದ ಸ್ತರಗಳೊಡನೆ ಹೋಲಿಸಲು ಇವು ಸೇತುವೆಯಂತೆ ಒದಗುತ್ತವೆ. ಬ್ರಿಟನ್ನಿನ ಹಳೆಯ ಕೆಂಪು ಮರಳುಗಲ್ಲಿನಂತಹ ನೆಲಸಂಚಯಗಳಲ್ಲಿ ಕೊನೊಡಾಂಟ್‌ಗಳು ದೊರೆಯುವುದಿಲ್ಲ. ಅಲ್ಲಿ ಮೀನುಗಳ ಪಳೆಯುಳಿಕೆಗಳೊಡನೆ ಬೀಜಕಣಗಳೇ ಆಧಾರ. ರೆಟಿಸ್ಪೋರಾ ಲೆಪಿಡೊಫೈಟಾ ಎಂಬ ಬೀಜಕಣವು ಡೆವೋನಿಯನ್ನಿನ ಕೊನೆಯ ಭಾಗಕ್ಕೆ ಸೀಮಿತವಾಗಿದ್ದು, ಅನೇಕ ಖಂಡಗಳಲ್ಲಿ ಕಂಡುಬಂದಿದೆ.

ಇತರ ಗುಂಪುಗಳು

ಆಕ್ರಿಟಾರ್ಕ್‌ಗಳು ಸಾವಯವ ಗೋಡೆಯುಳ್ಳ, ಜೀವಿಸಂಬಂಧ ಖಚಿತವಾಗದ ಸೂಕ್ಷ್ಮ ಕೋಶಗಳು. ಕೈಟಿನೊಜೋವಾಗಳು ಹೂಜಿಯ ಆಕಾರದವು. ಡೆವೋನಿಯನ್ ಅವಧಿಯ ಕೊನೆಯಲ್ಲಿ ಅಳಿದವು. ಆಸ್ಟ್ರಕಾಡ್‌ಗಳು ಎರಡು ಕವಾಟಗಳ ಚಿಪ್ಪುಳ್ಳ ಕಿರು ಕಠಿಣಚರ್ಮಿಗಳು. ಟೆಂಟಕುಲೈಟ್ ಗುಂಪಿನ ನೊವಾಕಿಯಾ ಮೊದಲಾದ ಶಂಕುವಿನಾಕಾರದ ಕಿರುಚಿಪ್ಪುಗಳು ಜೇಡಿಪದರಗಲ್ಲುಗಳಲ್ಲಿ ಉಪಯುಕ್ತ. ಸಿಲಿಕಾ ಅಸ್ಥಿಪಂಜರದ ರೇಡಿಯೊಲೇರಿಯಾಗಳು ಆಳಸಮುದ್ರದ ಚರ್ಟ್ ಶಿಲೆಗಳಲ್ಲಿ ದೊರೆಯುತ್ತವೆ.

ಪ್ರಯೋಗಾಲಯದ ವಿಧಾನ

ಶಿಲೆಯ ಮಾದರಿಯನ್ನು ಹೊರವಲಯದಲ್ಲಿ ಸಂಗ್ರಹಿಸುವಾಗಲೇ ಕೆಲಸದ ಮುಖ್ಯ ಭಾಗ ಆರಂಭವಾಗುತ್ತದೆ. ಯಾವ ಊರು, ಯಾವ ಹಳ್ಳ, ಯಾವ ಪದರ, ಗೊತ್ತಾದ ನೆಲೆಯಿಂದ ಎಷ್ಟು ಎತ್ತರ ಎಂಬುದನ್ನು ಅಳೆದು ಬರೆದಿಟ್ಟು, ಅದೇ ಸಂಖ್ಯೆಯನ್ನು ಮಾದರಿಯ ಚೀಲಕ್ಕೂ ಹಾಕುತ್ತಾರೆ. ಈ ದಾಖಲೆಯಿಲ್ಲದ ಪಳೆಯುಳಿಕೆ ಎಷ್ಟೇ ಸುಂದರವಾಗಿದ್ದರೂ ಕಾಲನಿರ್ಣಯಕ್ಕೆ ನಿರುಪಯೋಗಿ.

ಕೊನೊಡಾಂಟ್‌ಗಳಿಗಾಗಿ ಸುಣ್ಣಕಲ್ಲನ್ನು ಚಿಕ್ಕ ಚೂರುಗಳಾಗಿ ಒಡೆದು, ದುರ್ಬಲ ಅಸಿಟಿಕ್ ಅಥವಾ ಫಾರ್ಮಿಕ್ ಆಮ್ಲದಲ್ಲಿ ನೆನೆಯಿಡುತ್ತಾರೆ. ಸುಣ್ಣಾಂಶ ಕರಗಿ ಹೋಗುತ್ತದೆ, ಫಾಸ್ಫೇಟಿನ ಕೊನೊಡಾಂಟ್‌ಗಳು ಉಳಿಯುತ್ತವೆ. ಉಳಿದ ಗಸಿಯನ್ನು ಜರಡಿ ಹಿಡಿದು ತೊಳೆದು, ಭಾರದ್ರವದಲ್ಲಿ ಹಾಕಿದಾಗ ಹಗುರವಾದ ಕಣಗಳು ತೇಲಿ ಕೊನೊಡಾಂಟ್‌ಗಳು ತಳಕ್ಕೆ ಇಳಿಯುತ್ತವೆ. ಬಳಿಕ ಸೂಕ್ಷ್ಮದರ್ಶಕದ ಕೆಳಗೆ, ನಯವಾದ ಕುಂಚದ ಒದ್ದೆ ತುದಿಯಿಂದ ಒಂದೊಂದನ್ನೇ ಎತ್ತಿ ಕೋಶಗಳುಳ್ಳ ಪಟ್ಟಿಕೆಯಲ್ಲಿ ಜೋಡಿಸುತ್ತಾರೆ. ಬೀಜಕಣಗಳಿಗಾದರೆ ಜೇಡಿಪದರಗಲ್ಲನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿಯೂ ಬಳಿಕ ಹೈಡ್ರೋಫ್ಲೋರಿಕ್ ಆಮ್ಲದಲ್ಲಿಯೂ ಕರಗಿಸುತ್ತಾರೆ. ಎರಡನೆಯದು ಅತ್ಯಂತ ಅಪಾಯಕರವಾದುದರಿಂದ ವಿಶೇಷ ರಕ್ಷಣೆಯುಳ್ಳ ಪ್ರಯೋಗಾಲಯದಲ್ಲಿ ಮಾತ್ರ ಬಳಸಬೇಕು.

ಕೊನೊಡಾಂಟ್‌ಗಳ ಬಣ್ಣವೂ ಒಂದು ಸಾಕ್ಷ್ಯ. ಶಿಲೆಯು ಭೂಗರ್ಭದಲ್ಲಿ ಅನುಭವಿಸಿದ ಶಾಖ ಹೆಚ್ಚಿದಂತೆ ಅವು ತಿಳಿಹಳದಿಯಿಂದ ಕಂದು, ಕಂದಿನಿಂದ ಕಪ್ಪು ಬಣ್ಣಕ್ಕೆ ತಿರುಗುತ್ತವೆ. ಅನಿಟಾ ಎಪ್‌ಸ್ಟೈನ್ ಮತ್ತು ಸಂಗಡಿಗರು 1977ರಲ್ಲಿ ಇದಕ್ಕೆ ಒಂದು ಬಣ್ಣಸೂಚಿಯನ್ನು ರೂಪಿಸಿದರು. ಒಂದು ಪ್ರದೇಶದಲ್ಲಿ ತೈಲ ಮತ್ತು ಅನಿಲ ಉಳಿದಿರಬಹುದೇ ಎಂದು ಅಂದಾಜು ಮಾಡಲು ಇದು ನೆರವಾಗುತ್ತದೆ.

ಹಂತಗಳು ಮತ್ತು ಅವುಗಳ ಗಡಿಗಳು

ಡೆವೋನಿಯನ್ ಅವಧಿಯನ್ನು ಏಳು ಹಂತಗಳಾಗಿ ವಿಂಗಡಿಸಲಾಗಿದೆ. ಪ್ರತಿಯೊಂದು ಹಂತದ ತಳಗಡಿಯನ್ನು ಜಗತ್ತಿನ ಒಂದು ನಿರ್ದಿಷ್ಟ ಸ್ಥಳದ ನಿರ್ದಿಷ್ಟ ಪದರದಲ್ಲಿ ಅಂತರರಾಷ್ಟ್ರೀಯ ಒಪ್ಪಿಗೆಯಿಂದ ಗೊತ್ತುಪಡಿಸಲಾಗಿದೆ. ಕೆಳಗಿನಿಂದ ಮೇಲಕ್ಕೆ ಅವು ಹೀಗಿವೆ:

ಲೊಖ್ಕೋವಿಯನ್ – ಚೆಕ್ ದೇಶದ ಕ್ಲೊಂಕ್ (1972). ಗ್ರಾಪ್ಟೊಲೈಟ್ ಗುಂಪಿನ ಮೊನೊಗ್ರಾಪ್ಟಸ್ ಯೂನಿಫಾರ್ಮಿಸ್ ಇದರ ಗುರುತು.
ಪ್ರಾಗಿಯನ್ – ಪ್ರಾಗ್ ನಗರದ ವೆಲ್ಕಾ ಖುಖ್ಲೆ (1989). ಇಯೊಗ್ನಾತೋಡಸ್ ಸಲ್ಕೇಟಸ್ ಎಂಬ ಕೊನೊಡಾಂಟ್.
ಎಮ್ಸಿಯನ್ – ಉಜ್ಬೇಕಿಸ್ತಾನದ ಜಿಂಜಿಲ್‌ಬಾನ್ (1995). ಪಾಲಿಗ್ನಾತಸ್ ಕಿತಾಬಿಕಸ್ ಎಂಬ ಕೊನೊಡಾಂಟ್.
ಐಫೆಲಿಯನ್ – ಜರ್ಮನಿಯ ವೆಟೆಲ್‌ಡಾರ್ಫ್ (1985). ಪಾಲಿಗ್ನಾತಸ್ ಕೋಸ್ಟೇಟಸ್ ಪಾರ್ಟಿಟಸ್ ಎಂಬ ಕೊನೊಡಾಂಟ್.
ಜಿವೇಷಿಯನ್ – ಮೊರಾಕೊದ ಜೆಬೆಲ್ ಮೆಕ್ ಇರ್ದಾನ್ (1994). ಪಾಲಿಗ್ನಾತಸ್ ಹೆಮಿಆನ್ಸೇಟಸ್ ಎಂಬ ಕೊನೊಡಾಂಟ್.
ಫ್ರಾಸ್ನಿಯನ್ – ದಕ್ಷಿಣ ಫ್ರಾನ್ಸಿನ ಪ್ಯುಯೆಶ್ ದ ಲಾ ಸ್ಯೂಕ್ (1986). ಆನ್ಸಿರೊಡೆಲ್ಲಾ ಕುಲದ ಆರಂಭಿಕ ಕೊನೊಡಾಂಟ್.
ಫಾಮೆನಿಯನ್ – ದಕ್ಷಿಣ ಫ್ರಾನ್ಸಿನ ಕೂಮಿಯಾಕ್ ಕಲ್ಲುಗಣಿ (1993). ಪಾಲ್ಮಟೊಲೆಪಿಸ್ ಟ್ರೈಆಂಗ್ಯುಲಾರಿಸ್ ಎಂಬ ಕೊನೊಡಾಂಟ್.

ಏಳು ಗಡಿಗಳಲ್ಲಿ ಆರನ್ನು ಕೊನೊಡಾಂಟ್‌ಗಳಿಂದಲೇ ನಿರ್ಧರಿಸಿರುವುದನ್ನು ಇಲ್ಲಿ ಗಮನಿಸಬಹುದು. ಫ್ರಾಸ್ನಿಯನ್ ಮತ್ತು ಫಾಮೆನಿಯನ್ ಹಂತಗಳ ನಡುವಿನ ಗಡಿ ಸುಮಾರು 37.2 ಕೋಟಿ ವರ್ಷಗಳ ಹಿಂದಿನದು. ಕೆಲ್ವಾಸರ್ ಘಟನೆ ಎಂದು ಹೆಸರಾದ ಮಹಾವಿನಾಶ ಈ ಗಡಿಯಲ್ಲಿ ಸಂಭವಿಸಿತು. ಬೇರೆ ಬೇರೆ ಖಂಡಗಳಲ್ಲಿ ಆ ವಿನಾಶ ಒಂದೇ ಕಾಲದಲ್ಲಿ ಆಯಿತೇ ಎಂಬ ಪ್ರಶ್ನೆಗೆ ಉತ್ತರಿಸಲು ಕೊನೊಡಾಂಟ್ ವಲಯಗಳ ಸೂಕ್ಷ್ಮತೆಯೇ ಆಧಾರವಾಯಿತು.

ಸ್ತರಗಳ ಸಹಸಂಬಂಧ

ಎರಡು ಪ್ರದೇಶಗಳ ಸ್ತರಗಳು ನೋಟಕ್ಕೆ ಒಂದೇ ಬಗೆಯವಾಗಿದ್ದರೂ ಸಮಕಾಲೀನವಾಗಿರಬೇಕಾಗಿಲ್ಲ. ಒಂದೆಡೆ ಸುಣ್ಣಕಲ್ಲು, ಇನ್ನೊಂದೆಡೆ ಜೇಡಿಪದರಗಲ್ಲು ಇದ್ದು ಎರಡೂ ಒಂದೇ ಕಾಲದವಾಗಿರಬಹುದು. ಎರಡರಲ್ಲಿಯೂ ಒಂದೇ ವಲಯದ ಪಳೆಯುಳಿಕೆಗಳ ಸಮೂಹ ದೊರೆತರೆ ಅವು ಸಮಕಾಲೀನವೆಂದು ತಿಳಿಯುತ್ತಾರೆ. ಆಲನ್ ಷಾ 1964ರಲ್ಲಿ ವಿವರಿಸಿದ ರೇಖಾಚಿತ್ರ ವಿಧಾನದಲ್ಲಿ ಒಂದು ಸ್ತರಶ್ರೇಣಿಯ ಎತ್ತರವನ್ನು ಒಂದು ಅಕ್ಷದ ಮೇಲೂ ಇನ್ನೊಂದರ ಎತ್ತರವನ್ನು ಮತ್ತೊಂದು ಅಕ್ಷದ ಮೇಲೂ ಗುರುತಿಸಿ, ಎರಡರಲ್ಲೂ ಇರುವ ಪ್ರಭೇದಗಳ ಮೊದಲ ಮತ್ತು ಕೊನೆಯ ಕಾಣಿಕೆಗಳನ್ನು ಬಿಂದುಗಳಾಗಿ ಹಾಕುತ್ತಾರೆ. ಆ ಬಿಂದುಗಳ ನಡುವೆ ಎಳೆದ ಗೆರೆಯು ಒಂದರ ಯಾವ ಮಟ್ಟ ಇನ್ನೊಂದರ ಯಾವ ಮಟ್ಟಕ್ಕೆ ಸಮವೆಂಬುದನ್ನು ತೋರಿಸುತ್ತದೆ. ಗೆರೆ ಅಡ್ಡಲಾಗಿ ಚಪ್ಪಟೆಯಾದರೆ ಒಂದು ಶ್ರೇಣಿಯಲ್ಲಿ ಸಂಚಯ ನಿಂತುಹೋಗಿದ್ದ ಅಥವಾ ಸ್ತರಗಳು ಕೊಚ್ಚಿಹೋದ ಕಾಲವುಂಟೆಂದು ಊಹಿಸಬಹುದು.

ಮಿತಿಗಳು

ಎಲ್ಲ ಪ್ರಭೇದಗಳೂ ಎಲ್ಲ ಪರಿಸರಗಳಲ್ಲಿ ಬಾಳಲಿಲ್ಲ. ಪಾಲ್ಮಟೊಲೆಪಿಸ್ ಹೆಚ್ಚಾಗಿ ಆಳವಾದ ತೆರೆದ ಸಮುದ್ರದ ಸ್ತರಗಳಲ್ಲಿಯೂ ಇಕ್ರಿಯೋಡಸ್ ಆಳವಿಲ್ಲದ ನೀರಿನ ಸ್ತರಗಳಲ್ಲಿಯೂ ದೊರೆಯುತ್ತವೆ. ಆದ್ದರಿಂದ ಒಂದು ಪ್ರಭೇದ ಕಾಣದಿರುವುದು ಕಾಲದ ವ್ಯತ್ಯಾಸವನ್ನಲ್ಲದೆ ಪರಿಸರದ ವ್ಯತ್ಯಾಸವನ್ನೂ ಸೂಚಿಸಬಹುದು.

ಹಳೆಯ ಸ್ತರದಿಂದ ಕೊಚ್ಚಿಬಂದ ಪಳೆಯುಳಿಕೆಗಳು ಹೊಸ ಸ್ತರದಲ್ಲಿ ಸೇರಿಕೊಳ್ಳುವುದು ಇನ್ನೊಂದು ತೊಡಕು. ಡೆವೋನಿಯನ್ ಮತ್ತು ಕಾರ್ಬಾನಿಫೆರಸ್ ಅವಧಿಗಳ ಗಡಿಯನ್ನು ಫ್ರಾನ್ಸಿನ ಲಾ ಸೆರ್ ಎಂಬಲ್ಲಿ ಸೈಫೊನೊಡೆಲ್ಲಾ ಸಲ್ಕೇಟಾ ಎಂಬ ಕೊನೊಡಾಂಟಿನ ಮೊದಲ ಕಾಣಿಕೆಯಿಂದ ನಿರ್ಧರಿಸಲಾಗಿತ್ತು. ಅದೇ ಕೊನೊಡಾಂಟ್ ಗಡಿಯ ಕೆಳಗಿನ ಪದರದಲ್ಲಿಯೂ ಇದೆಯೆಂದು ಮರುಪರೀಕ್ಷೆಯಲ್ಲಿ ತಿಳಿದುಬಂದುದರಿಂದ ಗಡಿಯ ಪುನರ್ವಿಮರ್ಶೆ ಅಗತ್ಯವಾಯಿತು. ಎಮ್ಸಿಯನ್ ಹಂತದ ತಳಗಡಿಯೂ ಬೇಕಾದುದಕ್ಕಿಂತ ಕೆಳಗಿದೆ ಎಂದು ಕಂಡುಬಂದು ಪರಿಷ್ಕರಣದ ಶಿಫಾರಸಾಗಿದೆ. ಈ ತಿದ್ದುಪಡಿಗಳು ಸಾಧ್ಯವಾದುದು ಬೇರೆಯವರು ಅದೇ ಸ್ಥಳಕ್ಕೆ ಹೋಗಿ ಅದೇ ಪದರವನ್ನು ಮತ್ತೆ ಪರೀಕ್ಷಿಸಲು ಅವಕಾಶವಿದ್ದುದರಿಂದ.

ಭಾರತದಲ್ಲಿ ಡೆವೋನಿಯನ್ ಸ್ತರಗಳು

ಭಾರತದಲ್ಲಿ ಡೆವೋನಿಯನ್ ಸ್ತರಗಳು ಕಾಶ್ಮೀರ, ಸ್ಪಿತಿ ಮೊದಲಾದ ಹಿಮಾಲಯದ ಪ್ರದೇಶಗಳಲ್ಲಿವೆ. ಇವುಗಳಲ್ಲಿ ಹೆಸರಾದುದು ಸ್ಪಿತಿಯ ಪಿನ್ ಕಣಿವೆಯ ಮುತ್ ಗ್ರಾಮದಿಂದ ಹೆಸರು ಪಡೆದ ಮುತ್ ಬೆಣಚುಶಿಲೆ. ಬಿಳಿಯ ಬಣ್ಣದ ಈ ಶಿಲಾಸಮೂಹದಲ್ಲಿ ಪಳೆಯುಳಿಕೆಗಳು ವಿರಳ. ಅದರ ವಯಸ್ಸನ್ನು ಬಹುಮಟ್ಟಿಗೆ ಮೇಲಣ ಮತ್ತು ಕೆಳಗಣ ಸ್ತರಗಳಿಂದ ಊಹಿಸಬೇಕಾಗಿತ್ತು. ಅದರ ಮೇಲಿರುವ ಲಿಪಾಕ್ ಶಿಲಾಸಮೂಹದ ಸುಣ್ಣಕಲ್ಲಿನಲ್ಲಿ ಕೊನೊಡಾಂಟ್‌ಗಳಿವೆ. 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಪಿನ್ ಕಣಿವೆಯಲ್ಲಿ ಅಳೆದ ಸ್ತರಶ್ರೇಣಿಗಳ ಕೊನೊಡಾಂಟ್‌ಗಳಿಂದ ಲಿಪಾಕ್ ಸಮೂಹವು ಜಿವೇಷಿಯನ್ ಹಂತದಿಂದ ಕಾರ್ಬಾನಿಫೆರಸ್ಸಿನ ಆರಂಭದವರೆಗೆ ವ್ಯಾಪಿಸಿದೆಯೆಂದು ತೋರಿಸಿತು. ಮೇಲಿನ ಸ್ತರದ ವಯಸ್ಸು ಖಚಿತವಾದುದರಿಂದ ಕೆಳಗಿನ ಮುತ್ ಶಿಲೆಯ ವಯಸ್ಸಿಗೂ ಒಂದು ಮಿತಿ ದೊರೆಯಿತು.

ಹಿಮಾಲಯದ ಪಳೆಯುಳಿಕೆ ವಿವಾದ

ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ವಿಶ್ವಜಿತ್ ಗುಪ್ತಾ 1960ರ ದಶಕದಿಂದ ಸುಮಾರು ಇಪ್ಪತ್ತೈದು ವರ್ಷಗಳಲ್ಲಿ ಹಿಮಾಲಯದ ಪಳೆಯುಳಿಕೆಗಳನ್ನು ಕುರಿತು 300ಕ್ಕೂ ಹೆಚ್ಚು ಪ್ರಬಂಧಗಳನ್ನು ಪ್ರಕಟಿಸಿದರು. ಅನೇಕ ದೇಶಗಳ ತಜ್ಞರು ಸಹಲೇಖಕರಾಗಿದ್ದರು. ಅವರಲ್ಲಿ ಹಲವರು ತಮಗೆ ಕಳುಹಿಸಿದ ಮಾದರಿಗಳನ್ನು ಗುರುತಿಸಿಕೊಟ್ಟವರೇ ಹೊರತು ಅವು ದೊರೆತವೆನ್ನಲಾದ ಸ್ಥಳಗಳನ್ನು ಕಂಡವರಲ್ಲ.

ಆಸ್ಟ್ರೇಲಿಯಾದ ಮಕ್ವಾರಿ ವಿಶ್ವವಿದ್ಯಾಲಯದ ಜಾನ್ ಟಾಲೆಂಟ್ ಈ ವರದಿಗಳಲ್ಲಿನ ಅಸಂಗತಿಗಳನ್ನು 1987ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ನಡೆದ ಡೆವೋನಿಯನ್ ವಿಚಾರಗೋಷ್ಠಿಯಲ್ಲಿ ಎತ್ತಿ ತೋರಿಸಿದರು. 1989ರ ಏಪ್ರಿಲ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. ಹಿಮಾಲಯದವೆಂದು ವರ್ಣಿಸಿದ ಕೊನೊಡಾಂಟ್‌ಗಳು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ಬಳಿಯ ಆಮ್ಸ್‌ಡೆಲ್ ಕ್ರೀಕ್ ಎಂಬ ಪ್ರಸಿದ್ಧ ನೆಲೆಯ ಡೆವೋನಿಯನ್ ಕೊನೊಡಾಂಟ್‌ಗಳಂತೆಯೇ ಇವೆ, ಅಮೊನಾಯ್ಡ್ ಪಳೆಯುಳಿಕೆಗಳು ಮೊರಾಕೊದಿಂದ ಬಂದು ಅಂಗಡಿಗಳಲ್ಲಿ ಮಾರಾಟವಾಗುವಂತಹವು ಎಂಬುದು ಅವರ ಆಕ್ಷೇಪ. ಗುಪ್ತಾ ಅದೇ ವರ್ಷ ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟು ಆಪಾದನೆಗಳನ್ನು ನಿರಾಕರಿಸಿದರು.

ಇದಾದ ಮೇಲೆ ಟಾಲೆಂಟ್ ಮತ್ತು ಸಂಗಡಿಗರ ವಿಸ್ತಾರವಾದ ಪರಿಶೀಲನೆಗಳು 1989 ಮತ್ತು 1990ರಲ್ಲಿ ಬೆಂಗಳೂರಿನ ಭಾರತೀಯ ಭೂವೈಜ್ಞಾನಿಕ ಸಂಘದ ನಿಯತಕಾಲಿಕೆಯಲ್ಲಿ ಬೆಳಕು ಕಂಡವು. ಒಂದೇ ಮಾದರಿಯ ಚಿತ್ರವನ್ನು ಬೇರೆ ಬೇರೆ ಸ್ಥಳಗಳ ಹೆಸರಿನಲ್ಲಿ ಮತ್ತೆ ಮತ್ತೆ ಬಳಸಿರುವುದನ್ನೂ ಇತರರ ಬರಹ ಮತ್ತು ಚಿತ್ರಗಳನ್ನು ಎತ್ತಿಕೊಂಡಿರುವುದನ್ನೂ ಅವು ಪಟ್ಟಿಮಾಡಿದವು. 1958ರಲ್ಲಿ ಸ್ಥಾಪಿತವಾದ ಈ ಸಂಘದ ಕಚೇರಿ ಬಸವನಗುಡಿಗೆ ಹೊಂದಿಕೊಂಡ ಗವೀಪುರದಲ್ಲಿದೆ. ಸಂಘದ ಸ್ಥಾಪಕರಲ್ಲೊಬ್ಬರೂ ಮೈಸೂರು ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿದ್ದವರೂ ಆದ ಬಿ. ಪಿ. ರಾಧಾಕೃಷ್ಣ ಆಗ ಸಂಪಾದಕರಾಗಿದ್ದರು. ಭಾರತದ ವಿಜ್ಞಾನಿಯೊಬ್ಬರ ಮೇಲಿನ ಗುರುತರ ಆರೋಪವು ಭಾರತದ ನಿಯತಕಾಲಿಕೆಯಲ್ಲಿಯೇ ಸಾಕ್ಷ್ಯಸಹಿತ ಚರ್ಚೆಯಾದುದು ಈ ಪ್ರಕರಣದ ಗಮನಾರ್ಹ ಅಂಶ.

ಮುಂದೆ ವಿಶ್ವವಿದ್ಯಾಲಯವು ನಡೆಸಿದ ವಿಚಾರಣೆಯಲ್ಲಿ ನಿವೃತ್ತ ನ್ಯಾಯಾಧೀಶರೊಬ್ಬರು ಆರೋಪಗಳನ್ನು ಎತ್ತಿಹಿಡಿದರು. ಆದರೂ ಗುಪ್ತಾ ಅವರನ್ನು ಕೆಲಸದಿಂದ ವಜಾ ಮಾಡಲಿಲ್ಲ.

ಈ ಪ್ರಕರಣದ ಹಾನಿ ಒಬ್ಬ ವ್ಯಕ್ತಿಯ ಪ್ರಬಂಧಗಳಿಗೆ ಸೀಮಿತವಾಗಲಿಲ್ಲ. ಪಳೆಯುಳಿಕೆಯ ಗುರುತು ಸರಿಯಿದ್ದು ಸ್ಥಳದ ಹೆಸರು ತಪ್ಪಿದ್ದರೆ ಸ್ತರದ ವಯಸ್ಸು ತಪ್ಪುತ್ತದೆ. ವಯಸ್ಸು ತಪ್ಪಿದರೆ ಸಹಸಂಬಂಧ ತಪ್ಪುತ್ತದೆ. ಆ ಸಹಸಂಬಂಧವನ್ನು ನಂಬಿ ಪ್ರಾಚೀನ ಸಮುದ್ರಗಳ ಮತ್ತು ಖಂಡಗಳ ಸ್ಥಾನವನ್ನು ಚಿತ್ರಿಸಿದ ಇತರರ ನಕ್ಷೆಗಳೂ ಕೆಡುತ್ತವೆ. ಗುಪ್ತಾ ಅವರ ವರದಿಗಳನ್ನು ಬದಿಗಿಟ್ಟು ಹಿಮಾಲಯದ ಅನೇಕ ಸ್ತರಗಳನ್ನು ಹೊಸದಾಗಿ ಅಳೆಯಬೇಕಾಯಿತು. ಮೇಲೆ ಹೇಳಿದ 2002ರ ಲಿಪಾಕ್ ಅಧ್ಯಯನದ ಲೇಖಕರಲ್ಲಿ ಟಾಲೆಂಟ್ ಸಹ ಒಬ್ಬರು.

ಕರ್ನಾಟಕ

ಕರ್ನಾಟಕದಲ್ಲಿ ಡೆವೋನಿಯನ್ ಸ್ತರಗಳಿಲ್ಲ. ಬೆಂಗಳೂರಿನ ವಿಶ್ವೇಶ್ವರಪುರಂಗೆ ಸಮೀಪದಲ್ಲಿರುವ ಲಾಲ್‌ಬಾಗಿನ ಬಂಡೆಯು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಪರ್ಯಾಯದ್ವೀಪದ ನೈಸ್ ಶಿಲೆ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾಗಿದೆ. ಇಂತಹ ಶಿಲೆಗಳಲ್ಲಿ ಪಳೆಯುಳಿಕೆಗಳು ಇರುವುದಿಲ್ಲವಾದುದರಿಂದ ಅವುಗಳ ಕಾಲನಿರ್ಣಯಕ್ಕೆ ವಿಕಿರಣ ವಿಧಾನಗಳೇ ಆಧಾರ. ಬಾಗಲಕೋಟೆ ಕಡೆಯ ಕಲಾದಗಿ ಶ್ರೇಣಿಯಲ್ಲಿಯೂ ಕಲಬುರಗಿ ಕಡೆಯ ಭೀಮಾ ಶ್ರೇಣಿಯಲ್ಲಿಯೂ ಸುಣ್ಣಕಲ್ಲು ಹೇರಳವಾಗಿದೆ. ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಭೀಮಾ ಶ್ರೇಣಿಯದು. ಈ ಶ್ರೇಣಿಗಳು ಕೊನೊಡಾಂಟ್ ಪ್ರಾಣಿಗಳು ಹುಟ್ಟುವುದಕ್ಕೆ ಮೊದಲಿನ ಪ್ರೊಟೆರೊಜೋಯಿಕ್ ಕಾಲದವಾದುದರಿಂದ ಅವುಗಳನ್ನು ಆಮ್ಲದಲ್ಲಿ ಕರಗಿಸಿದರೂ ಕೊನೊಡಾಂಟ್‌ಗಳು ದೊರೆಯುವುದಿಲ್ಲ. ಕಲಾದಗಿಯ ಸುಣ್ಣಕಲ್ಲುಗಳಲ್ಲಿ ಸೂಕ್ಷ್ಮಜೀವಿಗಳ ಹಾಸಿನಿಂದ ರೂಪುಗೊಂಡ ಸ್ಟ್ರೊಮಟೊಲೈಟ್ ರಚನೆಗಳಿವೆ.

ಸೂಕ್ಷ್ಮ ಪಳೆಯುಳಿಕೆಗಳ ಅಧ್ಯಯನ ಮಾತ್ರ ಬೆಂಗಳೂರಿಗೆ ಹೊಸದಲ್ಲ. ಸೆಂಟ್ರಲ್ ಕಾಲೇಜಿನ ಭೂವಿಜ್ಞಾನ ಪ್ರಾಧ್ಯಾಪಕರಾಗಿದ್ದ ಎಲ್. ರಾಮರಾವ್ ಅವರು ಯೂಲಿಯಸ್ ಪಿಯಾ ಅವರೊಡನೆ ತಿರುಚಿರಾಪಳ್ಳಿ ಪ್ರದೇಶದ ನಿನಿಯೂರು ಸ್ತರಗಳ ಪಾಚಿ ಪಳೆಯುಳಿಕೆಗಳನ್ನು ವರ್ಣಿಸಿ 1936ರಲ್ಲಿ ಪ್ರಕಟಿಸಿದರು. ಆ ಸ್ತರಗಳು ಡೆವೋನಿಯನ್ನಿಗಿಂತ ಬಹಳ ಈಚಿನವು. ಆದರೆ ಶಿಲೆಯ ತೆಳುಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅದರ ಕಾಲವನ್ನು ವಿಚಾರಿಸುವ ಕ್ರಮ ಅದೇ.